ಬಾಡಿದ ಎಲೆ, ತೇವದ ಮಣ್ಣು

ಮಧ್ಯಾಹ್ನ ಟೊಮೆಟೊ ಎಲೆಗಳು ಜೋತುಬಿದ್ದಿದ್ದವು. ಕೈ ನೇರ ಪೈಪಿಗೇ ಹೋಯಿತು. ಯಾಕೋ ಒಮ್ಮೆ ಮಣ್ಣಿಗೆ ಬೆರಳು ಇಳಿಸಿದೆ. ಕೆಳಗೆ ಒಳ್ಳೆ ತೇವ ಇತ್ತು!

ಸುಡುಬಿಸಿಲಲ್ಲಿ ಎಲೆ ಕಳೆದುಕೊಳ್ಳುವಷ್ಟು ವೇಗವಾಗಿ ಬೇರು ನೀರು ಎಳೆಯಲಾರದು, ಅಷ್ಟೇ. ಸುಮ್ನೆ ಇನ್ನಷ್ಟು ನೀರು ಸುರಿದಿದ್ದರೆ ಮಣ್ಣಿನ ಸಂದುಗಳೆಲ್ಲ ತುಂಬಿ ಬೇರಿಗೆ ಉಸಿರು ಕಟ್ಟುತ್ತಿತ್ತು. ಬೇರಿಗೂ ಆಮ್ಲಜನಕ ಬೇಕು ಅಲ್ವಾ. ಅದು ಸಿಗದಿದ್ದರೆ ನೀರಿನ ನಡುವೆಯೇ ಗಿಡ ಬಾಡುತ್ತದೆ.

ಮಣ್ಣು ನಿಜಕ್ಕೂ ಒಣಗಿದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಹೆಚ್ಚಾಗುತ್ತದೆ. ಅದರಿಂದ ಎಲೆಯ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳು, ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ ನಿಜ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಡಿಮೆ. ಬೆಳವಣಿಗೆ ನಿಧಾನ.

ಕಳೆದ ಸಲದ ಕಾಯಿಗಳು ಈಗಲೂ ಕಣ್ಣ ಮುಂದಿವೆ. ತುದಿ ಕಪ್ಪಾಗಿ ಕುಸಿದಿತ್ತು. ಯಾವುದೋ ರೋಗ ಅಂದುಕೊಂಡಿದ್ದೆ. ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹಾಗಾಗಿತ್ತು. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರುತ್ತದೆ. ಒಂದು ದಿನ ಒಣ, ಮರುದಿನ ಕೆಸರು ಆದರೆ ಕಾಯಿಯ ತುದಿಗೆ ಅದು ಸಾಕಷ್ಟು ತಲುಪುವುದಿಲ್ಲ. ಒಣಗಿದ ಮೇಲೆ ಒಮ್ಮೆಲೇ ನೀರು ಸಿಕ್ಕರೆ ಹಣ್ಣು ಬಿರಿಯುವುದೂ ಉಂಟು.

ಪೈಪ್ ಕೆಳಗಿಟ್ಟು ಬುಡಕ್ಕೆ ಒಣಎಲೆ ಹೊದಿಸಿದೆ. ಸಂಜೆ ಹೋಗಿ ನೋಡಿದರೆ ಎಲೆಗಳೆಲ್ಲ ಮತ್ತೆ ನೆಟ್ಟಗೆ ನಿಂತಿದ್ದವು. ತುಂಬಾ ಹೊತ್ತು ಅಲ್ಲೇ ಕೂತಿದ್ದೆ.