ಶಾಲೆಗೆ ಹೋಗೋಕೆ ದಿನಾ ಇಷ್ಟು ಚೆನ್ನಾಗಿ ಉಡಬೇಕಾ?

"ಸರ್ಕಾರಿ ಶಾಲೆಗೆ ಹೋಗೋಕೆ ದಿನಾ ಇಷ್ಟು ಚೆನ್ನಾಗಿ ಸೀರೆ ಉಡ್ತೀರಲ್ಲ ಟೀಚರ್, ಅಲ್ಲಿ ಯಾರು ನೋಡ್ತಾರೆ?" ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದವರೂ ಕೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಾರು ನೋಡುತ್ತಾರೆ ಅಂದರೆ, ಮಕ್ಕಳು ನೋಡುತ್ತಾರೆ. ನಾನು ಉಡುವುದೂ ಅವರಿಗಾಗಿಯೇ.

"ನಾನು ಚೆನ್ನಾಗಿ ಉಡೋದು ನನ್ನ ಖುಷಿಗೆ, ಬೇರೆಯವರಿಗಲ್ಲ" ಅಂತ ಈಗ ತುಂಬಾ ಜನ ಹೇಳುತ್ತಾರೆ. ಖುಷಿ ನನಗೂ ಇದೆ. ಆದರೆ ರಜೆಯ ದಿನ ಮನೆಯಲ್ಲಿ ಒಬ್ಬಳೇ ಇದ್ದರೆ ನಾನು ಹಳೇ ನೈಟಿಯಲ್ಲೇ ಇರುತ್ತೇನೆ, ಅದರಲ್ಲೂ ಖುಷಿಯಾಗಿಯೇ ಇರುತ್ತೇನೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಹೇಳುವುದನ್ನು ನಾನು ಒಪ್ಪುತ್ತೇನೆ. ಆ ಪರರು ಯಾರು ಅನ್ನುವುದನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕು. ಸೀರೆ ನೋಡಿ ಸಂಬಳ ಲೆಕ್ಕ ಹಾಕುವ ನೆಂಟರು ನನಗೆ ಬೇಡ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೂಲಿ ಮಾಡುವವರ ಮನೆಯಿಂದ ಬರುತ್ತಾರೆ. ಹೊಲಕ್ಕೆ ಹೋಗುವ ಅವಸರದಲ್ಲೂ ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಕಳಿಸಿರುತ್ತಾಳೆ. ಅಷ್ಟು ಅಚ್ಚುಕಟ್ಟಾಗಿ ಬಂದ ಹುಡುಗಿಯ ಮುಂದೆ ನಾನು ಮುದುಡಿದ ಸೀರೆಯಲ್ಲಿ ನಿಂತರೆ, ನಿನಗೆ ಇಷ್ಟು ಸಾಕು ಅಂದ ಹಾಗಾಗುತ್ತದೆ. ಪ್ರೈವೇಟ್ ಶಾಲೆಗಾದರೆ ಸರಿ, ಇಲ್ಲಿಗೆ ಹೇಗೆ ಬಂದರೂ ನಡೆಯುತ್ತದೆ ಅನ್ನುವ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಸಾವಿತ್ರಿಬಾಯಿ ಫುಲೆ ಅವರ ಕತೆ ಎಲ್ಲರಿಗೂ ಗೊತ್ತು. 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆ ಶುರುವಾಯಿತು. ಕಲಿಸಲು ಹೋಗುವಾಗ ದಾರಿಯಲ್ಲಿ ಜನ ಅವರ ಮೇಲೆ ಸೆಗಣಿ, ಕೆಸರು ಎರಚುತ್ತಿದ್ದರು. ಅದಕ್ಕೇ ಅವರು ಇನ್ನೊಂದು ಸೀರೆ ಜೊತೆಗೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಕೊಳೆಯಾದದ್ದನ್ನು ಬದಲಿಸಿ ಪಾಠಕ್ಕೆ ನಿಲ್ಲುತ್ತಿದ್ದರು. ಇದನ್ನು ಧೈರ್ಯದ ಕತೆ ಅಂತ ಹೇಳುತ್ತೇವೆ, ಅದು ಸರಿಯೇ. ನನ್ನ ಮನಸ್ಸು ಮಾತ್ರ ಆ ಎರಡನೇ ಸೀರೆಯ ಹತ್ತಿರವೇ ನಿಲ್ಲುತ್ತದೆ. ಕೆಸರಾದ ಸೀರೆಯಲ್ಲೂ ಅಕ್ಷರ ಕಲಿಸಬಹುದಿತ್ತು, ಅಲ್ವಾ? ಹಾಗೆ ಮಾಡಲಿಲ್ಲ. ಬೀದಿಯವರು ಮಾಡಿದ ಅವಮಾನವನ್ನು ಆ ಹುಡುಗಿಯರ ಮುಂದೆ ಮೈಮೇಲೆ ಹೊತ್ತು ನಿಲ್ಲಲಿಲ್ಲ.

1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳ ಜೊತೆ ಮಾತಾಡಿದಾಗಲೂ ಸೀರೆಯ ವಿಷಯ ಬಂತು. ಜಾತಿಯ ಗುರುತಾಗಿ ಅಂಟಿಕೊಂಡ ಉಡುವ ರೀತಿ ಬಿಡಿ, ಶುಭ್ರವಾಗಿರಿ ಅಂದರು. ಬಟ್ಟೆಯಲ್ಲೇನಿದೆ ಬಿಡಿ ಅಂತ ಸುಲಭವಾಗಿ ಹೇಳುವವರನ್ನು ಕಂಡಾಗ ನನಗೆ ಮಹಾಡ್ ನೆನಪಾಗುತ್ತದೆ. ಹಾಗೆ ಹೇಳುವವರ ಬಟ್ಟೆ ನೋಡಿ ಯಾರೂ ಅವರನ್ನು ದೂರ ನಿಲ್ಲಿಸಿಲ್ಲ.

ಚೆನ್ನಾಗಿ ಉಡೋದು ಅಂದರೆ ಜಾಸ್ತಿ ದುಡ್ಡು ಸುರಿಯೋದು ಅಂತಲ್ಲ. ನನ್ನ ಸೀರೆಗಳಲ್ಲಿ ಹೆಚ್ಚಿನವು ಸಾದಾ ಹತ್ತಿಯವು. ಖರ್ಚಾಗುವುದು ಭಾನುವಾರ ಬೆಳಗಿನ ಹೊತ್ತು. ಅನ್ನ ಬಸಿದ ಗಂಜಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಅಗುಳು ಉಳಿದರೆ ಗಾಢ ಬಣ್ಣದ ಸೀರೆಯ ಮೇಲೆ ಬಿಳಿ ಬಿಳಿ ಕಲೆ ಕೂರುತ್ತದೆ. ಸೋಸಿದ್ದಕ್ಕೆ ನೀರು ಬೆರೆಸಿ, ಸೀರೆ ಅದ್ದಿ, ಹಿಂಡಿ, ನೆರಳಿನಲ್ಲಿ ಎಳೆದು ಹರವಬೇಕು. ಪೂರ್ತಿ ಒಣಗಿದ್ದರೆ ನೀರು ಚಿಮುಕಿಸಿ ಸುತ್ತಿಟ್ಟು ಆಮೇಲೆ ಇಸ್ತ್ರಿ. ಹಾಗೆ ಮಾಡಿದ ಸೀರೆಯ ನೆರಿಗೆ ಸಂಜೆಯವರೆಗೂ ಕೂತಲ್ಲೇ ಕೂತಿರುತ್ತದೆ, ಬೋರ್ಡಿನ ಮುಂದೆ ನಿಂತಾಗ ಅದರ ಕಡೆ ಗಮನವೇ ಹೋಗುವುದಿಲ್ಲ.

ಕಸೂತಿ ಹಾಕಿದ ಕಪ್ಪು ಇಳಕಲ್ ಸೀರೆ ಒಂದಿದೆ. ಸಮಮಿತಿ ಪಾಠ ಶುರು ಮಾಡುವ ದಿನ ಅದನ್ನೇ ಉಡುತ್ತೇನೆ. ಅದರ ಮೇಲೆ ಹೊಲಿದ ಗೋಪುರದ ಚಿತ್ರದ ಎಡ ಬಲ ಒಂದೇ ಥರ ಇದೆ ಅಂತ ಮಕ್ಕಳು ಬೇಗ ಹೇಳಿಬಿಡುತ್ತಾರೆ. ಯಾರಾದರೂ ಒಬ್ಬಳು ಸೆರಗು ತಿರುಗಿಸಿ ನೋಡಿದಾಗ ನಿಜವಾದ ಪಾಠ ಶುರುವಾಗುತ್ತದೆ. ಗವಂತಿ ಅನ್ನುವ ಈ ಕಸೂತಿ ಹೊಲಿಗೆಯಲ್ಲಿ ಗಂಟೇ ಇಲ್ಲ, ಹಿಂದೆಯೂ ಮುಂದೆಯೂ ಒಂದೇ ಚಿತ್ರ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಹಾಗಾದರೆ ಎಲ್ಲಿಂದ ಶುರು ಮಾಡಿ, ಯಾವ ಕಡೆ ತಿರುಗಿದರೆ ಗೋಪುರ ಪೂರ್ತಿಯಾಗುತ್ತದೆ? ಗ್ರಾಫ್ ಹಾಳೆ ಕೊಟ್ಟರೆ ಬೆಲ್ ಹೊಡೆದರೂ ಏಳುವುದಿಲ್ಲ. ಮನೆಯಲ್ಲಿ ಅಜ್ಜಿಗೆ ಕಸೂತಿ ಬರುತ್ತದೆ ಅಂತ ಹೇಳಲು ನಾಚುತ್ತಿದ್ದ ಹುಡುಗಿಯರು ಅವತ್ತು ಜೋರಾಗಿ ಹೇಳುತ್ತಾರೆ.

ಕೆಲವರು ಇನ್ನೊಂದು ಮಾತು ಕೇಳುತ್ತಾರೆ. ಬಡ ಮಕ್ಕಳ ಮುಂದೆ ಹೀಗೆ ನಿಂತರೆ ಅವರಿಗೆ ಬೇಜಾರಾಗಲ್ವಾ? ಇದು ನ್ಯಾಯವಾದ ಪ್ರಶ್ನೆ. ರೇಷ್ಮೆಯ ಝಗಮಗ, ಕೈತುಂಬ ಬಂಗಾರ ಹೇರಿಕೊಂಡು ಹೋದರೆ ಖಂಡಿತ ಆಗುತ್ತದೆ. ನಾನು ಶಾಲೆಗೆ ಅವನ್ನು ಹಾಕುವುದಿಲ್ಲ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಹತ್ತಿ ಸೀರೆ ಅವರ ಅಮ್ಮನಿಗೂ ಎಟಕುವಂಥದ್ದು. ಮಕ್ಕಳಿಗೆ ನಿಜವಾಗಿ ಬೇಜಾರಾಗುವುದು ತಮ್ಮ ಅಂಗಿಯ ಗುಂಡಿ ಹೋಗಿ ಪಿನ್ನು ಚುಚ್ಚಿಕೊಂಡು ಬರಬೇಕಾದಾಗ. ಅದಕ್ಕೇ ನನ್ನ ಮೇಜಿನ ಡ್ರಾಯರಿನಲ್ಲಿ ಸೂಜಿ, ದಾರ, ಸಮವಸ್ತ್ರಕ್ಕೆ ಹೊಂದುವ ಗುಂಡಿಗಳು ಯಾವಾಗಲೂ ಇರುತ್ತವೆ. ಗುಂಡಿ ಹಾಕುವುದನ್ನು ಹುಡುಗರಿಗೂ ಕಲಿಸಿದ್ದೇನೆ, ಈಗ ಅವರೇ ಕೇಳಿ ಇಸಿದುಕೊಂಡು ಹಾಕಿಕೊಳ್ಳುತ್ತಾರೆ.