ಅವರೆಕಾಯಿಯ ಥೆರಪಿ

ಮೈಸೂರಿನಲ್ಲಿ ಮಕ್ಕಳ ವಿಭಾಗದ ತರಬೇತಿಗೆ, ನಮ್ಮ ಮಾತಲ್ಲಿ ಪೋಸ್ಟಿಂಗ್‌ಗೆ, ಬರುವ ಹೊತ್ತಿಗೆ ಆಕ್ಯುಪೇಷನಲ್ ಥೆರಪಿಯ, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸೆಯ, ಪಠ್ಯ ಹೆಚ್ಚುಕಮ್ಮಿ ಬಾಯಿಪಾಠವಾಗಿತ್ತು. ಮಗು 9-10 ತಿಂಗಳಿಗೆ ಹೆಬ್ಬೆರಳು, ತೋರುಬೆರಳಿನಿಂದ ಕಾಳು ಹೆಕ್ಕುತ್ತದೆ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ತೋರಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಸುಲಭದ ಮಾರ್ಕು ಅದು. ಪಾಂಡವಪುರದ ಕಡೆಯ ತಾಯಿಯೊಬ್ಬರು, “ಆರು ತಿಂಗ್ಳಿಗೇ ಎಲ್ಲಾ ಎಡಗೈಲೇ ಹಿಡಿಯೋನು, ಎಡಚ ಅನ್ಕಂಡು ಸುಮ್ನಾದೊ” ಅಂದಾಗ ನನಗೆ ಮಾತೇ ಹೊರಡಲಿಲ್ಲ.

ಹುಡುಗನಿಗೆ 4 ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಕೆಡುವ ತೊಂದರೆ. ಇವನಿಗೆ ಪೆಟ್ಟು ಮಿದುಳಿನ ಎಡಕ್ಕೆ, ಬಿಗಿತ ಬಲಗೈ ಬಲಗಾಲಿಗೆ. ಮಣಿಕಟ್ಟು ಒಳಕ್ಕೆ ಬಾಗಿ, ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡಿತ್ತು. ತುದಿ ಹಿಡಿದೆಳೆದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ನಮಗೆ ಕಲಿಸುವ ಮೇಡಂ ನನ್ನ ಕೈ ಮೇಲೆ ತಮ್ಮ ಕೈಯಿಟ್ಟು ಮಾಡಿಸಿದರು: ಮೊಣಕೈ ನೀಡಿಸಿ, ಅಂಗೈ ಮೇಲಾಗುವಂತೆ ಮುಂಗೈಯನ್ನು ಮೆಲ್ಲಗೆ ತಿರುಗಿಸಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಕಾಯುವುದು. ಬೆರಳುಗಳು ಒಂದೊಂದಾಗಿ ಸಡಿಲಗೊಂಡವು.

ಬಿಚ್ಚಿದ ಕೈಗೆ ಕೆಲಸ ಬೇಕಲ್ಲ? ಮಣಿ, ಪೆಗ್‌ಬೋರ್ಡ್ (ತೂತುಗಳಿಗೆ ಕಡ್ಡಿ ಸಿಕ್ಕಿಸುವ ಹಲಗೆ) ಕೊಟ್ಟರೆ ಎಡಗೈಯಲ್ಲೇ ಮುಗಿಸಿ ಎದ್ದ. ಅವನ ಲೆಕ್ಕ ಸರಿಯೇ. ಒಂದು ಕೈಯಲ್ಲಿ ಆಗುವುದಕ್ಕೆ ಇನ್ನೊಂದನ್ನು ಯಾಕೆ ದಣಿಸಬೇಕು?

ಸೊಗಡಿನ ಕಾಲ. ಹೊರಗೆ ಬೆಂಚಿನ ಮೇಲೆ ಅವನ ಅಜ್ಜಿ, ಹೊತ್ತು ಹೋಗಲೆಂದು ಚೀಲದ ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಹಿಡಿ ಕೇಳಿ ತಂದೆ. ಬಲಗೈ ಕಾಯಿ ಹಿಡಿದುಕೊಂಡರೆ ಸಾಕು, ಬಿಡಿಸುವ ಕೆಲಸ ಎಡಗೈಯದು. ಮೊದಲ ಕಾಯಿ ಜಾರಿ ಮಡಿಲಿಗೆ ಬಿತ್ತು. ಮಣಿಕಟ್ಟಿನ ಕೆಳಗೆ ಎರಡು ಬೆರಳು ಆನಿಸಿ ಹಿಡಿದೆ. ಸಿಪ್ಪೆ ಚಟ್ಟಂದಿತು, ಕಾಳೊಂದು ಮ್ಯಾಟಿನ ಕೆಳಗೆ ಓಡಿತು, ಹುಡುಗ ಕೇಕೆ ಹಾಕಿ ಇನ್ನೊಂದಕ್ಕೆ ಕೈ ಚಾಚಿದ. ಚಾಚಿದ್ದು ಎಡಗೈಯನ್ನೇ, ಇರಲಿ.

“ಹುಳ ಇರೋದ್ನ ಹಾಕ್ಬುಟ್ಟೀಯ ಮಗಾ,” ಎಂದರು ಬಾಗಿಲಲ್ಲಿ ನಿಂತ ಅಜ್ಜಿ. ನಮಗೆ ಹಿಡಿತ ಮುಖ್ಯ, ಅವರಿಗೆ ಸಾರು.

ಮನೆಯಲ್ಲಿ ಮಾಡಿಸಬೇಕಾದ ಪಟ್ಟಿಗೆ ಮೇಡಂ ಅವರೆಕಾಯಿ ಸೇರಿಸಿದರು. “ಸೊಗಡು ಮುಗುದ್ಮೇಲೆ ಏನವ್ವ ಮಾಡಾದು?” ಅಜ್ಜಿ ನನ್ನನ್ನು ಕೇಳಿದರು. ಕಡಲೆಕಾಯಿ ಅಂದೆ.

“ಅದು ಗಟ್ಟಿ ಕಣವ್ವ. ಬೇಯ್ಸಿ ಕೊಡ್ಲಾ?”

ಮೇಡಂ ‘ಬೇಯಿಸಿದ ಕಡಲೆಕಾಯಿ’ ಎಂದು ಬರೆದುಕೊಂಡರು.