ಕೆಂಪು ಹೋಳಿನ ಗಡಿಯಾರ

ಹೊನ್ನಾವರದಲ್ಲಿ ನಮ್ಮ ಮಾವನ ಮನೆಯ ಜಗಲಿಯಲ್ಲಿ ಒಂದು ಹಿತ್ತಾಳೆ ಗಡಿಯಾರ ಇದೆ. ಮಾವ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಅವರಿದ್ದ ಒಂದು ಹಡಗು ಒಡೆಯಲು ಗುಜರಾತಿನ ಅಲಂಗ್‌ಗೆ ಹೋದಾಗ ಅದರ ರೇಡಿಯೋ ಕೋಣೆಯಿಂದ ಇದನ್ನು ತಂದಿದ್ದರು. ಅದರ ಮುಖದ ಮೇಲೆ ಎರಡು ಕೆಂಪು ಹೋಳು, ಎರಡು ಹಸಿರು ಹೋಳು. ಕಲ್ಲಂಗಡಿ ತುಂಡು ಅಂಟಿಸಿದ ಹಾಗೆ. ಕೆಂಪು ಯಾಕೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಅದು ಬಾಯಿ ಮುಚ್ಚಿಕೊಂಡು ಕೂರುವ ಹೊತ್ತು ಮಾರಾಯ್ತಿ" ಅಂದಿದ್ದರು. ನನಗೇ ಸುಮ್ಮನಿರು ಅಂತಿದ್ದಾರೆ ಅಂದುಕೊಂಡು ಹೊರಟುಹೋಗಿದ್ದೆ. ಮತ್ತೆ ಕೇಳಲೇ ಇಲ್ಲ.

ಆ ಮಾತಿನ ಅರ್ಥ ತಿಳಿದದ್ದು ಈ ಜುಲೈನಲ್ಲಿ, ಕ್ಯಾಲಿಫೋರ್ನಿಯಾದ ಕಡಲಂಚಿನ ಒಂದು ಹಳೆಯ ಕಟ್ಟಡದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫ್ರೀಮಾಂಟ್‌ನ ತಮ್ಮನ ಮನೆಯಲ್ಲಿ ಮೂರು ವಾರ ಇದ್ದೆ. ಗೋಲ್ಡನ್ ಗೇಟ್ ನೋಡಿದೆ, ಯೊಸೆಮಿಟಿ ನೋಡಿದೆ, ಎರಡು ಕನ್ನಡ ಮನೆಗಳಲ್ಲಿ ಊಟ ಮಾಡಿದೆ. ಅವೆಲ್ಲ ಚೆನ್ನಾಗಿಯೇ ಇದ್ದವು. ಆದರೆ ಊರಿಗೆ ಬಂದ ಮೇಲೂ ಕಿವಿಯಲ್ಲಿ ಉಳಿದಿರುವುದು ಪಾಯಿಂಟ್ ರೆಯಿಸ್‌ನ ಆ ಒಂದು ಮಧ್ಯಾಹ್ನ.

ಅಲ್ಲಿರುವುದು ಕೆಪಿಹೆಚ್ ಎಂಬ ರೇಡಿಯೋ ನಿಲ್ದಾಣ. ಹಾಡು, ವಾರ್ತೆ ಹಾಕುವ ರೇಡಿಯೋ ಅಲ್ಲ. ಪೆಸಿಫಿಕ್ ಸಾಗರದ ಹಡಗುಗಳ ಜೊತೆ ಮೋರ್ಸ್ ಕೋಡ್‌ನಲ್ಲಿ, ಅಂದರೆ ಗಿಡ್ಡ ಸದ್ದು (ಡಿ), ಉದ್ದ ಸದ್ದು (ಡಾ) ಸೇರಿಸಿ ಮಾಡಿದ ಅಕ್ಷರಗಳಲ್ಲಿ, ಮಾತಾಡುತ್ತಿದ್ದ ನಿಲ್ದಾಣ. ಹೆಸರಿನ ಪಿಹೆಚ್ ಅಂದರೆ ಪ್ಯಾಲೇಸ್ ಹೋಟೆಲ್. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಇದು ಸ್ಯಾನ್ ಫ್ರಾನ್ಸಿಸ್ಕೋದ ಆ ಹೋಟೆಲಿನಲ್ಲಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಹೋಟೆಲ್ ಸುಟ್ಟುಹೋಯಿತು, ಹೆಸರು ಮಾತ್ರ ಉಳಿಯಿತು. ಆಮೇಲೆ ಮಾರ್ಕೋನಿ ಕಂಪನಿಯ ಕೈಗೆ, ಅಲ್ಲಿಂದ ಆರ್‌ಸಿಎ ಕೈಗೆ ಬಂತು. 1997ರಲ್ಲಿ ಮುಚ್ಚಿತು. ಈಗ ಅದನ್ನು ನಡೆಸುತ್ತಿರುವವರು ಮ್ಯಾರಿಟೈಮ್ ರೇಡಿಯೋ ಹಿಸ್ಟಾರಿಕಲ್ ಸೊಸೈಟಿಯ ಸ್ವಯಂಸೇವಕರು. ಸಂಬಳ ಇಲ್ಲ. ಶನಿವಾರ ಬರುತ್ತಾರೆ, ಹಳೆಯ ಟ್ರಾನ್ಸ್‌ಮಿಟರ್‌ಗಳಿಗೆ ಜೀವ ಕೊಡುತ್ತಾರೆ, ಮೋರ್ಸ್ ಕಳಿಸುವ ಕೀ ಒತ್ತುತ್ತಾರೆ.

ಹೋಗುವವರಿಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ. ಈ ನಿಲ್ದಾಣ ಇರುವುದು ಎರಡು ಊರಿನಲ್ಲಿ. ಕಳಿಸುವ ಯಂತ್ರಗಳು ಬೊಲಿನಾಸ್‌ನಲ್ಲಿ, ಕೇಳಿಸಿಕೊಳ್ಳುವ ಕೋಣೆ ಪಾಯಿಂಟ್ ರೆಯಿಸ್‌ನಲ್ಲಿ. ಯಾವುದೋ ಪ್ರವಾಸಿ ಪುಟದಲ್ಲಿ ಕೊಟ್ಟಿದ್ದ ವಿಳಾಸ ನಂಬಿ ನಾವು ಮೊದಲು ಬೊಲಿನಾಸ್‌ಗೆ ಹೋದೆವು. ಆ ಊರಿನ ಜನಕ್ಕೆ ಪ್ರವಾಸಿಗರು ಬರುವುದು ಇಷ್ಟವಿಲ್ಲ. ಹೆದ್ದಾರಿಯಲ್ಲಿ ಊರಿನ ಬೋರ್ಡು ಹಾಕಿದಾಗಲೆಲ್ಲ ಕಿತ್ತುಹಾಕಿದ್ದಾರೆ. ತಿರುವು ತಪ್ಪಿತು, ವಾಪಸ್ ಬಂದೆವು, ಮತ್ತೆ ತಪ್ಪಿತು. ಕೊನೆಗೆ ತಲುಪಿದರೆ ಗೇಟಿಗೆ ಬೀಗ. ಫೋನಿಗೆ ಸಿಗ್ನಲ್ ಇಲ್ಲ. ಅಲ್ಲಿಂದ ಪಾಯಿಂಟ್ ರೆಯಿಸ್‌ಗೆ ಮುಕ್ಕಾಲು ತಾಸಿನ ದಾರಿ, ಅದೂ ಬೆಟ್ಟದ ತಿರುವುಗಳಲ್ಲಿ. ತಮ್ಮನ ಮಗಳು ಎರಡು ಸಲ ವಾಂತಿ ಮಾಡಿದಳು. ಹಾಗಾಗಿ ಶನಿವಾರವೇ ಹೋಗಿ, ಪಾಯಿಂಟ್ ರೆಯಿಸ್‌ಗೇ ಹೋಗಿ, ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಸ್ವೆಟರ್ ಬಿಡಬೇಡಿ. ಜುಲೈನಲ್ಲೂ ಅಲ್ಲಿ ಆಗುಂಬೆಯ ಹಾಗೆ ಮಂಜು, ಮೇಲಿಂದ ಮೂಳೆಗೆ ಇಳಿಯುವ ಗಾಳಿ.

ರಸ್ತೆಯಿಂದ ಒಳಗೆ ತಿರುಗಿದರೆ ಸೈಪ್ರೆಸ್ ಮರಗಳ ಸುರಂಗ. ಎರಡೂ ಕಡೆಯ ಮರಗಳು ಮೇಲೆ ಕೈ ಕೈ ಹಿಡಿದಿವೆ. ಕಟ್ಟಡ ಕಟ್ಟಿದ ಕಾಲದಲ್ಲೇ, 1930ರ ಸುಮಾರಿಗೆ, ನೆಟ್ಟ ಸಾಲು ಅದು. ನಾವು ಹೋದಾಗ ಹತ್ತಿಪ್ಪತ್ತು ಕಾರು ಅಡ್ಡಾದಿಡ್ಡಿ ನಿಂತಿದ್ದವು. ಮದುಮಗಳೊಬ್ಬಳ ಫೋಟೋ ತೆಗೆಯುತ್ತಿದ್ದರು. ಬಂದವರಲ್ಲಿ ಬಹಳಷ್ಟು ಜನ ಮರಗಳ ಕೆಳಗೆ ಫೋಟೋ ತೆಗೆಸಿಕೊಂಡು ಹಾಗೇ ಹಿಂದಕ್ಕೆ ಹೋದರು. ಸುರಂಗದ ಕೊನೆಯಲ್ಲಿ ಬಾಗಿಲು ತೆರೆದೇ ಇತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಗರ್ಭಗುಡಿಗೆ ಹೋಗದೆ ಗೋಪುರ ನೋಡಿ ವಾಪಸ್ ಹೋದ ಹಾಗೆ, ಅಲ್ವಾ?

ಒಳಗೆ ಕಾಲಿಟ್ಟ ತಕ್ಷಣ ಶಬ್ದ ಕೇಳಿತು. ನಮ್ಮೂರಿನ ತಂತಿ ಆಫೀಸಿನಲ್ಲಿ ಕೇಳುತ್ತಿದ್ದ ಕಟ್ಟ ಕಡ ಅಲ್ಲ. ಇದು ಕೊಳಲಿನಂಥ ಸಣ್ಣ ದನಿ. ಡಾ ಡಿ ಡಾ, ಡಿ ಡಾ ಡಾ ಡಿ, ಡಿ ಡಿ ಡಿ ಡಿ. ಕೆ, ಪಿ, ಹೆಚ್. ನಾನಿಲ್ಲಿದ್ದೇನೆ, ಯಾರಾದರೂ ಇದ್ದೀರಾ ಅಂತ ನಿಲ್ದಾಣ ಬಿಡದೆ ಕೂಗುತ್ತಿತ್ತು. ಸಾಲಾಗಿ ಮೇಜುಗಳು. ಆಳೆತ್ತರದ ರಿಸೀವರ್‌ಗಳು, ದೊಡ್ಡಕ್ಷರ ಮಾತ್ರ ಹೊಡೆಯುವ ಟೈಪ್‌ರೈಟರ್‌ಗಳು, ಉಜ್ಜಿ ಉಜ್ಜಿ ನುಣುಪಾದ ಕೀಗಳು. ಹಗ್ಗ ಕಟ್ಟಿ "ಮುಟ್ಟಬೇಡಿ" ಅಂತ ಬರೆದಿರುವ ವಸ್ತುಸಂಗ್ರಹಾಲಯದ ಚಳಿ ಇಲ್ಲಿಲ್ಲ. ಯಂತ್ರಗಳು ಬಿಸಿಯಾಗಿದ್ದವು. ಹಳೆಯ ರೇಡಿಯೋಗಳ ಬಿಸಿ ವಾಲ್ವುಗಳ, ಹಳೆಯ ವಾರ್ನಿಷ್‌ನ ವಾಸನೆ ಬರುತ್ತಿತ್ತು.

ಗೋಡೆಯ ಮೇಲೆ ಗಡಿಯಾರ. ಎರಡು ಕೆಂಪು ಹೋಳು, ಎರಡು ಹಸಿರು ಹೋಳು.

ನಾನು ಅಲ್ಲೇ ನಿಂತುಬಿಟ್ಟೆ. "ಅಕ್ಕಾ, ಇದು ಮಾವನ ಗಡಿಯಾರ!" ಅಂತ ತಮ್ಮನೂ ಕೂಗಿದ. ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡಿದ್ದ ಹಿರಿಯರೊಬ್ಬರು ತಿರುಗಿ ನೋಡಿದರು. ಎಪ್ಪತ್ತು ದಾಟಿದವರು, ಪ್ರಾಯದಲ್ಲಿ ಹಡಗಿನಲ್ಲಿ ಆಪರೇಟರ್ ಆಗಿದ್ದವರು. ನಮ್ಮ ಮಾವ ಹಡಗಿನ ರೇಡಿಯೋ ಆಫೀಸರ್ ಆಗಿದ್ದರು, ಮುಂಬೈಯಿಂದ ಹೋಗುತ್ತಿದ್ದರು ಅಂದೆ. ಅವರು ಹೆಡ್‌ಫೋನ್ ತೆಗೆದಿಟ್ಟರು. ಬೆರಳಿನಿಂದ ಮೇಜಿನ ಮೇಲೆ ಬಡಿದರು. ಡಿ ಡಿ ಡಿ ಡಾ, ಡಿ ಡಾ ಡಾ, ಡಾ ಡಿ ಡಿ ಡಿ.

"ವಿಡಬ್ಲ್ಯೂಬಿ. ಬಾಂಬೆ ರೇಡಿಯೋ. ನಿಮ್ಮ ಮಾವನಿಗೆ ಇದು ಗೊತ್ತಿರುತ್ತದೆ" ಅಂದರು.

ನನಗೆ ಗಂಟಲು ಕಟ್ಟಿತು. ಮಾವ ಕಡಲಿನಿಂದ ಕಳಿಸುತ್ತಿದ್ದ ಸುದ್ದಿ ಬಾಂಬೆ ರೇಡಿಯೋಗೆ ಬಂದು, ಅಲ್ಲಿಂದ ತಂತಿಯಾಗಿ ಹೊನ್ನಾವರದ ಅಂಚೆ ಕಚೇರಿಗೆ ಬರುತ್ತಿತ್ತು. ತಂತಿ ಬಂತು ಅಂದರೆ ಅಜ್ಜಿ ಓದಿಸುವ ಮೊದಲೇ ಅಳಲು ಶುರು ಮಾಡುತ್ತಿದ್ದಳು. ಒಳಗೆ ಇರುತ್ತಿದ್ದದ್ದು ಮಾತ್ರ "ಕ್ಷೇಮ, ಮುಂದಿನ ತಿಂಗಳು ಬರುತ್ತೇನೆ" ಅಂತ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ.

ಕೆಂಪು ಹೋಳಿನ ಬಗ್ಗೆ ಕೇಳಿದೆ. ಅವರು ಕುರ್ಚಿ ಎಳೆದುಕೊಟ್ಟು ನನ್ನನ್ನು ಕೂರಿಸಿದರು.

"ಹಡಗುಗಳೆಲ್ಲ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು 500 ಕಿಲೋಹರ್ಟ್ಸ್‌ನಲ್ಲಿ. ಅಪಾಯದ ಕೂಗು ಬರುತ್ತಿದ್ದದ್ದೂ ಅಲ್ಲೇ. ಸಂತೆಯ ಹಾಗೆ ಗಲಾಟೆ. ದೊಡ್ಡ ನಿಲ್ದಾಣದ ಗಟ್ಟಿ ದನಿಯ ಕೆಳಗೆ ಮುಳುಗುತ್ತಿರುವ ಸಣ್ಣ ಹಡಗಿನ ದನಿ ಕೇಳುವುದು ಹೇಗೆ? ಅದಕ್ಕೆ ಪ್ರತಿ ಗಂಟೆಯಲ್ಲಿ ಎರಡು ಸಲ, 15ನೇ ನಿಮಿಷದಿಂದ 18ರವರೆಗೆ, 45ರಿಂದ 48ರವರೆಗೆ, ಎಲ್ಲರೂ ಕೈ ಕೀಯಿಂದ ತೆಗೆಯಬೇಕು. ಹಡಗು, ಬಂದರು, ಎಲ್ಲರೂ. ಸುಮ್ನೆ ಕೇಳಬೇಕು, ಅಷ್ಟೇ."

"ಯಾರೂ ಮಾತಾಡುತ್ತಿರಲಿಲ್ಲವಾ?"

"ಗೊತ್ತಿಲ್ಲದ ಹೊಸ ಹುಡುಗ ಒತ್ತಿಬಿಟ್ಟರೆ ನಾಲ್ಕು ಕಡೆಯಿಂದ ಬೈಗುಳ ಬರುತ್ತಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾತ್ರಿ ಪಾಳಿಯಲ್ಲಿ ನಾನೊಬ್ಬನೇ. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು 45ಕ್ಕೆ ಸರಿಯಾಗಿ ಅಡಗುತ್ತಿತ್ತು. ಸಿಡಿಲಿನ ಚಟಚಟ ಮಾತ್ರ. ನನ್ನ ಹಾಗೇ ಇಡೀ ಸಾಗರದಲ್ಲಿ ಎಷ್ಟೋ ಜನ ಅದೇ ಹೊತ್ತಿಗೆ ಉಸಿರು ಬಿಗಿಹಿಡಿದು, ಯಾರಾದರೂ ಕಷ್ಟದಲ್ಲಿದ್ದಾರಾ ಅಂತ ಕೇಳುತ್ತಿದ್ದಾರೆ ಅಂತ ಗೊತ್ತಿರುತ್ತಿತ್ತು."

ಟೈಟಾನಿಕ್ ಮಾತು ಬಂತು. 1912ರ ಆ ರಾತ್ರಿ ಕ್ಯಾಲಿಫೋರ್ನಿಯನ್ ಎಂಬ ಹಡಗು ಹತ್ತಿರದಲ್ಲೇ ಇತ್ತು. ಅದರಲ್ಲಿದ್ದದ್ದು ಒಬ್ಬನೇ ಆಪರೇಟರ್. ಟೈಟಾನಿಕ್ ಮಂಜುಗಡ್ಡೆಗೆ ಬಡಿಯುವ ಕೆಲವೇ ನಿಮಿಷ ಮುಂಚೆ ಅವನು ಯಂತ್ರ ಆರಿಸಿ ಮಲಗಲು ಹೋಗಿದ್ದ. ದಿನವೆಲ್ಲ ದುಡಿದ ಹುಡುಗ, ಮಲಗಿದ್ದು ಅವನ ತಪ್ಪಲ್ಲ. ಕೇಳಲು ಇನ್ನೊಂದು ಕಿವಿ ಇರಬೇಕಿತ್ತು. ಹಡಗುಗಳಲ್ಲಿ ಹಗಲು ರಾತ್ರಿ ಕೇಳುವ ಕಾನೂನು ಬಂದದ್ದು ಆಮೇಲೆ.

ನಾನು ಗಡಿಯಾರ ನೋಡುತ್ತಾ ಕೂತೆ. ಬಾಯಿ ಮುಚ್ಚಿಕೊಂಡು ಕೂರುವ ಹೊತ್ತು. ಮಾವ ಪೂರ್ತಿ ನಿಜವನ್ನೇ ಹೇಳಿದ್ದರು.

ಆಮೇಲೆ ಅವರು ನನಗೆ ಬಗ್ ತೋರಿಸಿದರು. ಅರ್ಧ ತಾನೇ ಕೆಲಸ ಮಾಡುವ ಕೀ ಅದು. ಹೆಬ್ಬೆರಳಿನಿಂದ ಒಂದು ಕಡೆ ತಳ್ಳಿದರೆ ಸಣ್ಣ ಕಂಬಿ ಅಲುಗಾಡಿ ಡಿ ಡಿ ಡಿ ಅಂತ ಚುಕ್ಕಿಗಳು ತಾವೇ ಉದುರುತ್ತವೆ. ಡಾ ಮಾತ್ರ ಒಂದೊಂದನ್ನೂ ಕೈಯಿಂದಲೇ ಮಾಡಬೇಕು. ಹಾಗಾಗಿ ಡಾ ಎಷ್ಟು ಉದ್ದ ಅನ್ನುವುದರಲ್ಲಿ ಆಯಾ ಮನುಷ್ಯ ಗೊತ್ತಾಗುತ್ತಾನೆ. ಅದಕ್ಕೆ ಅವರು ಹೇಳುವುದು "ಕೈ" ಅಂತ. ಇವನ ಕೈ ಒಳ್ಳೆಯದು, ಅವನ ಕೈ ಅವಸರದ್ದು. ಮುಖ ನೋಡದೆ, ದನಿ ಕೇಳದೆ, ಹತ್ತು ವರ್ಷ ಒಬ್ಬರನ್ನೊಬ್ಬರು ಕೈಯಿಂದಲೇ ಗುರುತು ಹಿಡಿದವರಿದ್ದಾರಂತೆ. ಕೇಳುತ್ತಾ ಟೈಪ್ ಮಾಡಿ ತೋರಿಸಿದರು. ಕಿವಿಗೆ ಬಿದ್ದ ಮಾತು ಕಾಗದಕ್ಕೆ ಬರುವುದು ಎರಡು ಮೂರು ಪದ ತಡವಾಗಿ. ನಡುವೆ ನನ್ನ ಜೊತೆ ಮಾತೂ ಆಡಿದರು, ಅಕ್ಷರ ತಪ್ಪಲಿಲ್ಲ.

ಕಳಿಸುವ ಯಂತ್ರ ಬೊಲಿನಾಸ್‌ನಲ್ಲಿ ಯಾಕೆ ಅಂತ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಪಕ್ಕದಲ್ಲೇ ನಗಾರಿ ಬಾರಿಸುತ್ತಿದ್ದರೆ ದೂರದ ಪಿಸುಮಾತು ಕೇಳುತ್ತದಾ ಅಂದರು. ಇಲ್ಲಿ ಕೀ ಒತ್ತಿದರೆ ಅಲ್ಲಿ ಯಂತ್ರ ಕೂಗುತ್ತದೆ, ಇಲ್ಲಿನ ಕಿವಿ ತೆರೆದೇ ಇರುತ್ತದೆ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿಯಿತು. ವಿಳಾಸ ಬರೆದವರ ಮೇಲಿನದು ಇಳಿದಿಲ್ಲ.

1999ರ ಫೆಬ್ರವರಿ 1ರಿಂದ ಹಡಗುಗಳಲ್ಲಿ ಉಪಗ್ರಹದ ಹೊಸ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು. ಮೋರ್ಸ್ ಕೆಲಸ ಮುಗಿಯಿತು. ಫ್ರಾನ್ಸಿನವರು ಎರಡು ವರ್ಷ ಮೊದಲೇ, 1997ರ ಜನವರಿ 31ರಂದು ನಿಲ್ಲಿಸಿದ್ದರು. ಅವರ ಕೊನೆಯ ಸಂದೇಶ ಹೀಗಿತ್ತು: "ಎಲ್ಲರಿಗೂ ಕರೆ. ಶಾಶ್ವತ ಮೌನಕ್ಕೆ ಮುಂಚೆ ಇದು ನಮ್ಮ ಕೊನೆಯ ಕೂಗು." ಅಮೆರಿಕದಲ್ಲಿ ಕೊನೆಯ ವ್ಯಾಪಾರಿ ಮೋರ್ಸ್ ಸಂದೇಶ ಹೋದದ್ದು 1999ರ ಜುಲೈ 12ರಂದು, ಇದೇ ಕರಾವಳಿಯ ಹಾಫ್ ಮೂನ್ ಬೇ ಹತ್ತಿರದ ಕೆಎಫ್‌ಎಸ್ ನಿಲ್ದಾಣದಿಂದ. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಕಳಿಸಿದ್ದ ಬೈಬಲ್ಲಿನ ಸಾಲನ್ನೇ ಮತ್ತೆ ಕಳಿಸಿದರು: ದೇವರು ಏನೆಲ್ಲ ಮಾಡಿದ್ದಾನೆ!

ಆದರೆ ಒಂದು ವರ್ಷ ಒಂದು ನಿಮಿಷ ಆದಮೇಲೆ, 2000ದ ಜುಲೈ 12ರ ಸಂಜೆ, ಈ ಸ್ವಯಂಸೇವಕರು ಕೆಪಿಹೆಚ್‌ಗೆ ಮತ್ತೆ ಜೀವ ಕೊಟ್ಟರು. ಅದನ್ನು ರಾತ್ರಿಗಳ ರಾತ್ರಿ ಅಂತ ಕರೆದು ಪ್ರತಿ ಜುಲೈ 12ಕ್ಕೆ ಹಬ್ಬ ಮಾಡುತ್ತಾರೆ. "ಅವತ್ತು ಬನ್ನಿ" ಅಂದರು. ನನ್ನ ಟಿಕೆಟ್ ಅದಕ್ಕೆ ಮುಂಚೆಯೇ ಇತ್ತು. ಅದೊಂದು ನೋವು ಹಾಗೇ ಉಳಿದಿದೆ.

ಯಂತ್ರ ಉಳಿಸಿದರೆ ಸಾಲದಾ, ವಾರ ವಾರ ಯಾಕೆ ಕಳಿಸುತ್ತೀರಿ ಅಂತ ಕೇಳಿದೆ. "ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ನಾವು ಉಳಿಸುತ್ತಿರುವುದು ಕೆಲಸವನ್ನು. ಅದು ಕೈಯಿಂದ ಕೈಗೇ ಹೋಗಬೇಕು" ಅಂದರು. ಅವರ ಪಕ್ಕದ ಮೇಜಿನಲ್ಲಿ ಇಪ್ಪತ್ತರ ಹುಡುಗನೊಬ್ಬ ಹೆಡ್‌ಫೋನ್ ಹಾಕಿ ಹುಬ್ಬು ಗಂಟಿಕ್ಕಿ ಬರೆಯುತ್ತಿದ್ದ. ಒಂದು ಅಕ್ಷರ ತಪ್ಪಿತು. ಹಿರಿಯರು ಮಾತು ನಿಲ್ಲಿಸದೇ ಅವನ ಕಾಗದದ ಮೇಲೆ ಬೆರಳಿಟ್ಟರು.

ಮೂರು ಗಂಟೆ ನಲವತ್ತೈದು ನಿಮಿಷ ಆಯಿತು. ಅವರು ಒಂದು ಗುಂಡಿ ಒತ್ತಿದರು, ಕೂಗು ನಿಂತಿತು. ಕೋಣೆಯಲ್ಲಿದ್ದ ಏಳೆಂಟು ಜನರೂ ಮಾತು ನಿಲ್ಲಿಸಿದರು. ತಮ್ಮನ ಮಗಳು ಕೂಡ ಚಿಪ್ಸ್ ಚೀಲದೊಳಗೆ ಕೈ ಹಾಕಿದವಳು ಹಾಗೇ ನಿಂತಳು. 500ರಲ್ಲಿ ಈಗ ಯಾವ ಹಡಗೂ ಕರೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಕೇಳಿದೆವು. ಸ್ಪೀಕರಿನಲ್ಲಿ ಮಳೆ ಸುರಿದ ಹಾಗೆ ಗೊರ್ರ್ ಅನ್ನುವ ಸದ್ದು. ಹೊರಗೆ ಸೈಪ್ರೆಸ್ ಮರಗಳಲ್ಲಿ ಗಾಳಿ. ನಮ್ಮ ದೇಶದ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ತಾಸು ಮುಂದೆ, ಆ ಅರ್ಧ ತಾಸಿನಿಂದಾಗಿ ಇಲ್ಲಿ 45 ಆದಾಗ ಅಲ್ಲಿ 15 ಅನ್ನುವುದು ಆಗ ಹೊಳೆಯಿತು. ಹೊನ್ನಾವರದಲ್ಲಿ ಬೆಳಗಿನ ಜಾವ ನಾಲ್ಕೂಕಾಲು. ಜಗಲಿಯ ಗಡಿಯಾರದ ಮುಳ್ಳೂ ಕೆಂಪಿನ ಮೇಲೇ ಇರಬೇಕು.

48ಕ್ಕೆ ಅವರು ಬಗ್ ಹತ್ತಿರ ಎಳೆದುಕೊಂಡು ತಾವೇ ಕೈಯಿಂದ ಕರೆದರು. ನಾನು ಫೋನಿನಲ್ಲಿ ಧ್ವನಿ ಹಿಡಿದುಕೊಂಡಿದ್ದೆ, ಬಂದಾಗಿನ ಸದ್ದೂ, ಈ ಕೊನೆಯದೂ. ಪಾಯಿಂಟ್ ರೆಯಿಸ್ ಸ್ಟೇಷನ್ ಎಂಬ ಪುಟ್ಟ ಊರಿಗೆ ಬಂದು ಸಿಗ್ನಲ್ ಸಿಕ್ಕಿದ ಮೇಲೆ ಎರಡನ್ನೂ ಒಟ್ಟಿಗೆ ಮಾವನಿಗೆ ಕಳಿಸಿದೆ. ಏನು, ಎಲ್ಲಿಯದು ಅಂತ ಬರೆಯಲಿಲ್ಲ. ಮಾವನಿಗೆ ಈಗ 78. ಒಂದು ಕಿವಿ ಮಂದ.

ಫ್ರೀಮಾಂಟ್ ತಲುಪುವಷ್ಟರಲ್ಲಿ ಉತ್ತರ ಬಂದಿತ್ತು. "ಕೆಪಿಹೆಚ್. ಮೊದಲಿನದು ಟೇಪು. ಎರಡನೆಯದು ಮನುಷ್ಯ, ಬಗ್ ಮೇಲೆ. ಡಾ ಸ್ವಲ್ಪ ಉದ್ದ ಎಳೆಯುತ್ತಾನೆ. ಒಳ್ಳೆ ಕೈ. ಯಾರದು?"